ಟರ್ಬೊ ಗಾಡಿಯ ಸ್ಲೋ ಹಿಡಿಯಲು ಯಾವುದು ಸರಿ? ನಾಲ್ಕು ಬಗೆ ನೋಡಿದ ಮೇಲೆ

ಹಳೇ 1.6 ಲೀಟರ್ ಬಲೆನೊ ಸೆಡಾನ್‌ಗೆ ಟರ್ಬೊ ಹಾಕಿಸಿದಾಗ ಕಲಬುರಗಿಯಲ್ಲಿ ಎಲ್ಲರೂ ಕೇಳಿದ್ದು ಒಂದೇ: ‘ಎಷ್ಟು ಓಡ್ತದರೀ?’ ಓಡುವುದೇನೋ ಓಡುತ್ತಿತ್ತು. ನಿಂತಲ್ಲಿ ನಿಲ್ಲುವುದೇ ಕಷ್ಟವಾಗಿತ್ತು. ಮೇ ತಿಂಗಳ ಮಧ್ಯಾಹ್ನ ಜಗತ್ ಸರ್ಕಲ್‌ನಲ್ಲಿ ಎಸಿ ಹಾಕಿದರೆ ಸಾಕು, ಎಂಜಿನ್ ಎರಡು ಸಲ ನಡುಗಿ ಬಂದ್ ಬೀಳುತ್ತಿತ್ತು. ‘ಸ್ಲೋ ನಿಂದ್ರವಲ್ದು’ ಅಂತ ನಮ್ಮ ಉಸ್ತಾದ್ ಒಂದೇ ಮಾತಲ್ಲಿ ಹೇಳಿ ಚಹಾಕ್ಕೆ ಹೋದರು. ಸ್ಲೋ ಅಂದರೆ ಐಡಲ್, ಆಕ್ಸಿಲರೇಟರ್ ಒತ್ತದಿದ್ದಾಗ ಎಂಜಿನ್ ನಿಧಾನಕ್ಕೆ ಓಡುತ್ತಿರುವುದು.

ದೊಡ್ಡ ಥ್ರಾಟಲ್ ಬಾಡಿ (ಎಂಜಿನ್‌ಗೆ ಹೋಗುವ ಗಾಳಿಯನ್ನು ಪ್ಲೇಟಿನಿಂದ ತೆರೆದು ಮುಚ್ಚುವ ಭಾಗ) ಹಾಕುವಾಗ ಹಳೇ ಐಡಲ್ ವಾಲ್ವ್ ಕಿತ್ತು ಹೋಗಿತ್ತು. ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಕೂಡ ಬೇರೆ, ಎಲ್ಲ ನಾವೇ ಟ್ಯೂನ್ ಮಾಡಬೇಕಾದದ್ದು. ಥ್ರಾಟಲ್ ಮುಚ್ಚಿದಾಗ ಎಂಜಿನ್‌ಗೆ ಬೇಕಾದ ಚೂರು ಗಾಳಿ ಎಲ್ಲಿಂದ ಕೊಡುವುದು ಅನ್ನುವುದೇ ಪ್ರಶ್ನೆ. ಮೂರು ಬಗೆ ನನ್ನ ಗಾಡಿಯಲ್ಲೇ ನೋಡಿದೆ, ನಾಲ್ಕನೆಯದನ್ನು ಅಳಿಯನ ಗಾಡಿಯಲ್ಲಿ.

ಮೊದಲು ಖರ್ಚಿಲ್ಲದ ದಾರಿ. ಥ್ರಾಟಲ್ ಸ್ಕ್ರೂ ತಿರುಗಿಸಿ ಪ್ಲೇಟನ್ನು ಕೂದಲೆಳೆಯಷ್ಟು ತೆರೆದಿಟ್ಟೆವು. ಉಳಿದದ್ದು ಇಗ್ನಿಷನ್ ಟೈಮಿಂಗ್‌ನ, ಅಂದರೆ ಪಿಸ್ಟನ್ ಮೇಲೆ ತಲುಪುವುದಕ್ಕೆ ಎಷ್ಟು ಮುಂಚೆ ಸ್ಪಾರ್ಕ್ ಹೊತ್ತಬೇಕು ಅನ್ನುವುದರ ಕೆಲಸ. ಐಡಲ್‌ನಲ್ಲಿ ಟೈಮಿಂಗನ್ನು ಬೇಕಂತಲೇ 10 ಡಿಗ್ರಿಗೆ ಇಳಿಸಿಟ್ಟೆವು. ಆರ್‌ಪಿಎಂ ಬೀಳತೊಡಗಿದ ಕೂಡಲೇ ಇಸಿಯು ಅದನ್ನು 18ಕ್ಕೆ ಏರಿಸುತ್ತದೆ, ಮುಂದಿನ ಸ್ಪಾರ್ಕಿಗೇ ಬಲ ಬರುತ್ತದೆ. ಗಾಳಿ ಹೆಚ್ಚಿಸಿದರೆ ಅದು ಮ್ಯಾನಿಫೋಲ್ಡ್ ತುಂಬಿ ಸಿಲಿಂಡರ್‌ಗೆ ಬರುವವರೆಗೆ ಕಾಯಬೇಕು. ಇಲ್ಲಿ ಆ ಕಾಯುವಿಕೆ ಇಲ್ಲ. ಬಿಸಿ ಎಂಜಿನ್ 1000 ಆರ್‌ಪಿಎಂನಲ್ಲಿ ಗಡಿಯಾರದಂತೆ ನಿಲ್ಲುತ್ತಿತ್ತು, ನನಗೇ ನಂಬಿಕೆ ಬರಲಿಲ್ಲ. ಆದರೆ ಎಸಿಯ ಭಾರ ಹೊರುವಷ್ಟು ಶಕ್ತಿ ಟೈಮಿಂಗ್‌ಗೆ ಇಲ್ಲ. ಡಿಸೆಂಬರ್ ಬೆಳಗ್ಗೆ ಎರಡು ನಿಮಿಷ ಕಾಲಿನಲ್ಲೇ ಆಕ್ಸಿಲರೇಟರ್ ಹಿಡಿದು ಕೂರಬೇಕು. ಎಸಿ ಕಿತ್ತು ಹಾಕಿದ ಗಾಡಿಗಾದರೆ ಇಷ್ಟೇ ಸಾಕು. ನಮ್ಮೂರಲ್ಲಿ ಎಸಿ ಕೀಳುವವರು ಯಾರಿದ್ದಾರೆ?

ಎರಡನೆಯದು ನಾಲ್ಕು ವೈರಿನ ಸ್ಟೆಪರ್ ವಾಲ್ವ್. ಒಳಗೆ ಸ್ಕ್ರೂ ಮೇಲೆ ಕೂತ ಮೊಳೆ ಹೆಜ್ಜೆ ಹೆಜ್ಜೆಯಾಗಿ ಹಿಂದೆ ಮುಂದೆ ಸರಿದು ಗಾಳಿಯ ದಾರಿ ತೆರೆದು ಮುಚ್ಚುತ್ತದೆ. ಬೂಸ್ಟ್, ಅಂದರೆ ಟರ್ಬೊ ತುಂಬುವ ಗಾಳಿಯ ಒತ್ತಡ, ಅದನ್ನು ತಳ್ಳಲಾರದು, ಅದೊಂದು ಒಳ್ಳೆಯದು. ಆದರೆ ನಿಧಾನ. ಎಸಿ ಹಾಕಿದರೆ ಆರ್‌ಪಿಎಂ ಸೂಜಿ 600ಕ್ಕೆ ಬಿದ್ದು, ಆಮೇಲೆ ಗಾಳಿ ಬಂದು 1300ಕ್ಕೆ ಹಾರುತ್ತಿತ್ತು. ತಾನು ಎಲ್ಲಿದ್ದೇನೆ ಅನ್ನುವುದನ್ನು ಅದು ಎಣಿಸಿಯೇ ತಿಳಿಯಬೇಕು. ಎಣಿಕೆ ತಪ್ಪಿದರೆ ಅವತ್ತಿಡೀ ಐಡಲ್ ಹಾಳು. ನಾಲ್ಕು ತಿಂಗಳಿಗೆ ಬಿಚ್ಚಿಸಿದೆ.

ಮೂರನೆಯದು ಎರಡು ವೈರಿನ ಸೊಲೆನಾಯ್ಡ್ ವಾಲ್ವ್. ಇಸಿಯು ಒಂದು ಸೆಕೆಂಡಿಗೆ ನೂರಾರು ಸಲ ಕರೆಂಟ್ ಕೊಟ್ಟು ಬಿಟ್ಟು ಮಾಡಿ ಅದನ್ನು ಎಷ್ಟು ಬೇಕೋ ಅಷ್ಟು ತೆರೆಯುತ್ತದೆ. ಇದರಲ್ಲಿ ನಾನೇ ಒಂದು ತಪ್ಪು ಮಾಡಿದೆ. ವಾಲ್ವಿನ ಬಾಯಿಗೆ ಪುಟ್ಟ ಫಿಲ್ಟರ್ ಹಾಕಿ ಹೊರಗಿನ ಗಾಳಿಗೆ ಬಿಟ್ಟಿದ್ದೆ. ಐಡಲ್ ಚೆನ್ನಾಗಿತ್ತು. ಹುಮನಾಬಾದ್ ರಸ್ತೆಯಲ್ಲಿ ಕಾಲು ಒತ್ತಿದರೆ ‘ಪುಸ್’ ಅಂತ ಬೂಸ್ಟೆಲ್ಲ ಆ ವಾಲ್ವಿನಿಂದಲೇ ವಾಪಸ್ಸು! ಟರ್ಬೊ ಗಾಳಿ ತಣಿಸುವ ಇಂಟರ್‌ಕೂಲರ್ ಮತ್ತು ಥ್ರಾಟಲ್ ನಡುವಿನ ಪೈಪಿನಿಂದ ಗಾಳಿ ತೆಗೆದುಕೊಂಡ ಮೇಲೆ ಸರಿಹೋಯಿತು. ಅಲ್ಲಿಂದ ತೆಗೆದರೆ ಥ್ರಾಟಲ್ ಪೂರ್ತಿ ತೆರೆದಾಗ ವಾಲ್ವಿನ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಒತ್ತಡ.

ಆಮೇಲೂ ಆರ್‌ಪಿಎಂ ಉಯ್ಯಾಲೆ ಆಡುತ್ತಿತ್ತು. ವಾಲ್ವಿನ ಮೇಲೆ ಸುಮ್ನೆ ಅನುಮಾನಪಟ್ಟು ಎರಡು ಭಾನುವಾರ ಹೋದವು. ಮೂಲ ಬೇರೆ ಎರಡು ಕಡೆ ಇತ್ತು. ಕಾಲು ತೆಗೆದಾಗ ಪೆಟ್ರೋಲ್ ನಿಲ್ಲಿಸುವ ಮಿತಿ 1200ರಲ್ಲಿತ್ತು, ಐಡಲ್‌ಗೆ ತೀರಾ ಹತ್ತಿರ. ಸೂಜಿ ಅಷ್ಟಕ್ಕೆ ಏರಿದೊಡನೆ ಪೆಟ್ರೋಲ್ ಕಟ್, ಬಿದ್ದೊಡನೆ ಮತ್ತೆ ಶುರು. ಮಿತಿಯನ್ನು 1600ಕ್ಕೆ ಏರಿಸಿದೆವು. ಇನ್ನೊಂದು ನಮ್ಮ ಬಿಸಿಲಿನದು. ನಿಂತ ಗಾಡಿಯಲ್ಲಿ ಗಾಳಿಯ ತಾಪ ನೋಡುವ ಸೆನ್ಸರೇ ಕಾದು 70 ಡಿಗ್ರಿ ತೋರಿಸುತ್ತದೆ. ಗಾಳಿ ತೆಳುವಾಗಿದೆ ಅಂತ ಇಸಿಯು ಪೆಟ್ರೋಲ್ ಕಡಿಮೆ ಮಾಡುತ್ತದೆ. ನಿಜವಾದ ಗಾಳಿ ಅಷ್ಟು ಬಿಸಿ ಇರುವುದಿಲ್ಲ, ಅಲ್ವಾ? ಐಡಲ್‌ನಲ್ಲಿ ಆ ಕಡಿತವನ್ನು ಅರ್ಧಕ್ಕಿಳಿಸಿದ ದಿನದಿಂದ ನಡುಕ ನಿಂತಿತು. ಚಳಿ ದೇಶದವರು ಬರೆದ ಟ್ಯೂನಿಂಗ್ ಸಲಹೆಗಳಲ್ಲಿ ನನಗೆ ಇದು ಸಿಕ್ಕಿರಲಿಲ್ಲ.

ನಾಲ್ಕನೆಯದು ಅಳಿಯನ ಗಾಡಿಯಲ್ಲಿರುವ ವೈರಿನ ಥ್ರಾಟಲ್. ಕೇಬಲ್ ಇಲ್ಲ, ಬೇರೆ ವಾಲ್ವೂ ಇಲ್ಲ, ಪ್ಲೇಟನ್ನು ಮೋಟರ್ರೇ ಚೂರು ತೆರೆಯುತ್ತದೆ. ಎಸಿ ಹಾಕಿದ್ದು ಗೊತ್ತೇ ಆಗುವುದಿಲ್ಲ. ನಾಲ್ಕರಲ್ಲಿ ಇದೇ ಮೇಲು, ಒಪ್ಪಿದೆ. ಆದರೆ ಪೆಡಲ್‌ನಲ್ಲಿ ಎರಡು, ಥ್ರಾಟಲ್‌ನಲ್ಲಿ ಎರಡು ಸೆನ್ಸರ್, ಒಂದನ್ನೊಂದು ತಾಳೆ ನೋಡುತ್ತಿರಬೇಕು. ಮೋಟರ್ ಓಡಿಸಬಲ್ಲ ಇಸಿಯು ಬೇಕು. ಇಲ್ಲಿ ವೈರಿಂಗ್ ತಪ್ಪಿದರೆ ಗಾಡಿ ತಾನೇ ಓಡೀತು. ನನ್ನ ಕೈಗೆ ಆ ಧೈರ್ಯ ಇಲ್ಲ.

ಹಾಗಾಗಿ ನಾನು ಉಳಿದದ್ದು ಸೊಲೆನಾಯ್ಡ್‌ಗೆ, ಅದರ ಜೊತೆ ಮೊದಲಿನ ಟೈಮಿಂಗ್ ಉಪಾಯ. ದಪ್ಪ ಕೆಲಸ ವಾಲ್ವಿಗೆ, ಸಣ್ಣ ಕೆಲಸ ಸ್ಪಾರ್ಕಿಗೆ. ಎಸಿ ಬಟನ್ ಒತ್ತಿದರೆ ವಾಲ್ವ್ ಮೊದಲು ತೆರೆಯುತ್ತದೆ, ಅರ್ಧ ಸೆಕೆಂಡ್ ಬಿಟ್ಟು ಎಸಿ ಕಂಪ್ರೆಸರ್ ಹಿಡಿಯುತ್ತದೆ. ಈಗ 1050, ಎಸಿ ಇದ್ದಾಗ 1150. ವಾಲ್ವಿನೊಳಗೆ ಎಣ್ಣೆ ಪಸೆ, ಧೂಳು ಕೂಡಿ ಅಂಟಾಗುವುದು ಮಾತ್ರ ತಪ್ಪಿಲ್ಲ. ಆಯಿಲ್ ಬದಲಿಸಿದಾಗಲೆಲ್ಲ ಉಸ್ತಾದ್ ಅದನ್ನು ಬಿಚ್ಚಿ ಕಾರ್ಬ್ ಕ್ಲೀನರ್‌ನಲ್ಲಿ ತೊಳೆಯುತ್ತಾರೆ, ಬೈದುಕೊಳ್ಳುತ್ತಲೇ.