ಅಮಲೇರಿದ ಇಲಿಗೆ ಒಗ್ಗದ ಪ್ಲಸ್ ಮೇಜ್

ಎಂಟು ತಿಂಗಳು ಬಳಸಿದ ಮೇಲೆ ಬರೆಯುತ್ತಿದ್ದೇನೆ. ಕಂಪನಿಯ ಹೆಸರು ಬೇಡ. ಕಪ್ಪು ಅಕ್ರಿಲಿಕ್‌ನ, ಬಿಚ್ಚಿ ಜೋಡಿಸುವ ಎಲಿವೇಟೆಡ್ ಪ್ಲಸ್ ಮೇಜ್ ಇದು, ಅಂದರೆ ಪ್ರಯೋಗಾಲಯದಲ್ಲಿ ಇಲಿಯ ಆತಂಕ ಅಳೆಯಲು ನೆಲದಿಂದ ಎತ್ತರದಲ್ಲಿ ನಿಲ್ಲಿಸುವ ಕವಲುದಾರಿ.

ನೋಡಲು ಸರಳ ಸಾಮಾನು. ಕೂಡಿಸುವ ಗುರುತಿನ ಆಕಾರದಲ್ಲಿ ನಾಲ್ಕು ತೋಳು. ಎರಡಕ್ಕೆ ಗೋಡೆ, ಎರಡು ಬಯಲು. ಇಲಿಗೆ ಬಯಲೆಂದರೆ ಭಯ, ಹೊಸ ಜಾಗವೆಂದರೆ ಚಪಲ. 5 ನಿಮಿಷದಲ್ಲಿ ಬಯಲು ತೋಳಿನಲ್ಲಿ ಎಷ್ಟು ಹೊತ್ತು ಕಳೆಯಿತು ಅನ್ನುವುದೇ ಅದರ ಆತಂಕದ ಅಳತೆ. ತಯಾರಿಯಲ್ಲಿ ಮೋಸವಿಲ್ಲ: ತೋಳು 30 ಸೆಂ.ಮೀ. ಉದ್ದ, 5 ಸೆಂ.ಮೀ. ಅಗಲ, ಗೋಡೆ 15, ನೆಲದಿಂದ 50. ಅಲುಗಾಟವಿಲ್ಲ, ಸಂದಿನಲ್ಲಿ ಮೂತ್ರ ಇಂಗುವುದಿಲ್ಲ.

ತೊಂದರೆ ಶುರುವಾಗಿದ್ದು ಆಲ್ಕೋಹಾಲ್ ಚುಚ್ಚಿದ ಇಲಿಗಳನ್ನು ಹತ್ತಿಸಿದ ದಿನ. ದೇಹತೂಕದ ಕಿಲೋಗೆ 1 ಗ್ರಾಂ ಕೊಟ್ಟು ಹತ್ತು ನಿಮಿಷ ಬಿಟ್ಟು ನೋಡಿದರೆ, ಗೋಡೆ ಬಿಟ್ಟು ಕದಲದ ಪ್ರಾಣಿ ಬಯಲಿನ ತುದಿಗೆ ಹೋಗಿ ಕೆಳಗೆ ಇಣುಕುತ್ತದೆ. ನರಕೋಶಗಳ ಚಟುವಟಿಕೆ ತಗ್ಗಿಸುವ ಮೆದುಳಿನ ಗಾಬಾ ಗ್ರಾಹಕಗಳ ಮೇಲೆ ಆಲ್ಕೋಹಾಲ್ ಮಾಡುವ ಕೆಲಸದ ಪಾಲು ಇದರಲ್ಲಿದೆ. 2 ಗ್ರಾಂ ಮುಟ್ಟಿದರೆ ಅದು ಧೈರ್ಯವೋ ತೂರಾಟವೋ ಹೇಳುವುದು ಕಷ್ಟ. ಡಿಬಿಎ/2 ತಳಿಯಂತೂ ಆ ಪ್ರಮಾಣಕ್ಕೆ ಸುಮ್ಮನೆ ಓಡಾಡತೊಡಗುತ್ತದೆ. ಅದಕ್ಕೇ ಬರೀ ಓಡಾಟ ಎಷ್ಟೆಂದು ತಿಳಿಯಲು ಮುಚ್ಚಿದ ತೋಳಿಗೆ ಎಷ್ಟು ಸಲ ಹೋಯಿತೆಂದೂ ಎಣಿಸುತ್ತೇವೆ.

ತೂರಾಡುವ ಇಲಿ ಜಾರುತ್ತದೆ. ಈ ಮೇಜ್‌ನ ಬಯಲು ತೋಳಿಗೆ ಅಂಚೇ ಇಲ್ಲ! ಎರಡು ಮೂರು ಮಿ.ಮೀ. ಎತ್ತರದ ಒಂದು ಪಟ್ಟಿ ಇದ್ದರೂ ಕಾಲಿಗೆ ಹಿಡಿತ ಸಿಗುತ್ತಿತ್ತು. ಮೊದಲ ವಾರ ನಾಲ್ಕು ಬಿದ್ದವು. ಕೆಳಗೆ ಸ್ಪಂಜ್ ಹಾಸಿದ್ದರಿಂದ ಅವಕ್ಕೇನೂ ಆಗಲಿಲ್ಲ, ಕೆಟ್ಟಿದ್ದು ನನ್ನ ಲೆಕ್ಕ. ಬಿದ್ದ ನಾಲ್ಕೂ ಆಲ್ಕೋಹಾಲ್ ಗುಂಪಿನವು. ಅವನ್ನು ಲೆಕ್ಕದಿಂದ ಕೈಬಿಟ್ಟರೆ ಬಯಲಿಗೆ ಬರುವ ಧೈರ್ಯ ಮಾಡಿದವನ್ನೇ ಬಿಟ್ಟಂತೆ. ಮತ್ತೆ ಹತ್ತಿಸೋಣವೆಂದರೆ, ಒಮ್ಮೆ ಮೇಜ್ ಕಂಡ ಇಲಿ ಎರಡನೇ ಸಲ ಬೇರೆಯೇ ಪ್ರಾಣಿ. ಆಗ ಡಯಾಜೆಪಾಮ್ ಜಾತಿಯ ಔಷಧಗಳೂ ಆತಂಕ ತಗ್ಗಿಸಿದ್ದು ಕಾಣುವುದಿಲ್ಲ.

ಬಣ್ಣದ ವಿಷಯ ಬೇಗ ಮುಗಿಸುತ್ತೇನೆ. ಸಿ57 ತಳಿ ಕಪ್ಪು, ನೆಲವೂ ಕಪ್ಪು, ಮೇಲೆ ಪಳಪಳ ಹೊಳಪು. ಕ್ಯಾಮೆರಾಗೆ ಇಲಿಯ ಬದಲು ಬಲ್ಬಿನ ಪ್ರತಿಬಿಂಬ ಸಿಗುತ್ತಿತ್ತು.

ಎಲ್ಲಕ್ಕಿಂತ ಸಿಟ್ಟು ಬರಿಸಿದ್ದು ಕೈಪಿಡಿಯ ಒಂದು ಸಾಲು: ಪ್ರತಿ ಇಲಿಯ ನಂತರ 70% ಆಲ್ಕೋಹಾಲ್‌ನಿಂದ ಒರೆಸಿ. ಅಕ್ರಿಲಿಕ್‌ಗೆ ಆಲ್ಕೋಹಾಲ್ ಆಗಿಬರುವುದಿಲ್ಲ, ಕೂದಲೆಳೆಯಂಥ ಬಿರುಕು ಬಿಡುತ್ತದೆ. ನಾಲ್ಕನೇ ತಿಂಗಳಿಗೆ ಒಂದು ತೋಳಿನ ತುಂಬ ಜೇಡರ ಬಲೆ. ಅದೂ ಹೋಗಲಿ, ಆಲ್ಕೋಹಾಲ್ ಬಿಡಿಸಿದ ಇಲಿಯನ್ನು ಆಲ್ಕೋಹಾಲ್ ವಾಸನೆಯ ಮೇಜ್ ಮೇಲೆ ಬಿಟ್ಟರೆ ನಾನು ಅಳೆಯುತ್ತಿರುವುದು ಏನನ್ನು? ದಿನಕ್ಕೆ 16 ಗಂಟೆಯಂತೆ 4 ದಿನ ಆಲ್ಕೋಹಾಲ್ ಆವಿಯ ಪೆಟ್ಟಿಗೆಯಲ್ಲಿಟ್ಟು ಹೊರತೆಗೆದವು ನಮ್ಮವು. ಚುಚ್ಚಿದ ದಿನದ ಇಲಿಗಳಿಗೆ ತದ್ವಿರುದ್ಧವಾಗಿ ಇವು ಗೋಡೆಗೆ ಅಂಟಿಕೊಂಡೇ ಇದ್ದವು. ಅದು ಬಿಟ್ಟ ಚಟದ ಆತಂಕವೋ, ನೆಲದ ವಾಸನೆಗೆ ಹಿಂಜರಿಕೆಯೋ, ಆ ಗುಂಪಿನ ಮಟ್ಟಿಗೆ ಹೇಳಲಾರೆ. ಆ ಕಂತನ್ನು ಪೂರ್ತಿ ಮತ್ತೆ ಮಾಡಿದೆವು, ಹೊಸ ಇಲಿಗಳ ಮೇಲೆ.

ಈಗ ತೆಳು ಸೋಪುನೀರಿನಿಂದ ಒರೆಸಿ, ನೀರಿನಿಂದ ಮತ್ತೊಮ್ಮೆ ಒರೆಸಿ ಒಣಗಿಸುತ್ತೇವೆ. ನೆಲಕ್ಕೆ ಹೊಳಪಿಲ್ಲದ ಬೂದು ಹಾಳೆ, ಅಂಚಿಗೆ ನಾವೇ ಅಂಟಿಸಿದ ಪಟ್ಟಿ. ಹೀಗೆ ರಿಪೇರಿ ಮಾಡಿಕೊಂಡ ಮೇಲೆ ಕೆಲಸಕ್ಕೆ ಬರುತ್ತಿದೆ.

ಐದಕ್ಕೆ ಎರಡೂವರೆ. ಔಷಧವಿಲ್ಲದ ಇಲಿಗಳಿಗಷ್ಟೇ ಬೇಕಿದ್ದು, ನಿಮ್ಮ ಇಲಿ ಬಿಳಿಯದಾಗಿದ್ದರೆ ನಾಲ್ಕು ಅಂದುಕೊಳ್ಳಿ. ಬಿರುಕುಬಿಟ್ಟ ತೋಳಿಗೆ ಬದಲಿ ಕೇಳಿದ್ದೆ. ಬಿಡಿ ತೋಳು ಮಾರುವುದಿಲ್ಲವಂತೆ, ಪೂರ್ತಿ ಸೆಟ್ಟೇ ಕೊಳ್ಳಬೇಕಂತೆ.