ಆರ್‌ಸಿ (ರಿಮೋಟಿನಿಂದ ಹಾರಿಸುವ) ವಿಮಾನದ ಇಂಧನ ಟ್ಯಾಂಕ್: ಡಬ್ಬಿ ಚೆನ್ನಾಗಿದೆ, ಒಳಗಿನ ಪೈಪ್ ಬದಲಿಸಿ

46 ಸೈಜಿನ ಗ್ಲೋ ಎಂಜಿನ್ (ಮೆಥನಾಲ್ ಇಂಧನದಲ್ಲಿ ಓಡುವ ಪುಟ್ಟ ಎಂಜಿನ್) ಇರುವ ನನ್ನ ಟ್ರೇನರ್ ವಿಮಾನದಲ್ಲಿ ಈ ಟ್ಯಾಂಕಿಗೆ ಇದು ಎರಡನೇ ಬೇಸಿಗೆ. ಬಳ್ಳಾರಿ ಬಿಸಿಲು ಗೊತ್ತಲ್ಲ, 40 ಡಿಗ್ರಿ ದಾಟುತ್ತದೆ. ಕಾರಿನ ಡಿಕ್ಕಿಯಲ್ಲಿ ಬೆಂದರೂ ಡಬ್ಬಿ ಸೊಟ್ಟಗಾಗಿಲ್ಲ, ಸೀಳಿಲ್ಲ. ಮುಚ್ಚಳದ ರಬ್ಬರ್ ಸೋರಿಲ್ಲ. ಅಷ್ಟರ ಮಟ್ಟಿಗೆ ಕೊಟ್ಟ ದುಡ್ಡಿಗೆ ಮೋಸ ಇಲ್ಲ.

ನನಗೆ ಸಿಟ್ಟು ಬಂದಿದ್ದು ಜೊತೆಗೆ ಕೊಟ್ಟ ಹಿತ್ತಾಳೆ ಕೊಳವೆ ನೋಡಿ. ಟ್ಯಾಂಕ್ ತುಂಬಿದ್ದಾಗ ಎಂಜಿನ್ ಸೊಗಸಾಗಿ ಓಡುತ್ತಿತ್ತು. ಅರ್ಧ ಖಾಲಿಯಾಯಿತೋ, ಸದ್ದು ಕೀರಲಾಗುತ್ತಿತ್ತು. ಮೂಗೆತ್ತಿದರೆ ಬಂದ್. ನಾವು ಹಾರಿಸುವುದು ಜೋಳ ಕೊಯ್ದ ಎರೆ ಹೊಲದಲ್ಲಿ. ಎಂಜಿನ್ ನಿಂತ ವಿಮಾನ ಅಲ್ಲಿ ಇಳಿದರೆ ಚಕ್ರ ಬಿರುಕಿಗೆ ಸಿಕ್ಕಿ ಪ್ರೊಪೆಲರ್ ಮುರಿಯುತ್ತದೆ. ಇಂಧನ ಹೆಚ್ಚು ಕಮ್ಮಿ ಮಾಡುವ ನೀಡಲ್ ತಿರುಪನ್ನು ಎಷ್ಟು ತಿರುಗಿಸಿದರೂ ಅದೇ ಕಥೆ.

ಕೊನೆಗೆ ಟ್ಯಾಂಕ್ ಬಿಚ್ಚಿದೆ. ಕತ್ತರಿಸಿದ ಕೊಳವೆಯ ಬಾಯಿ ಬ್ಲೇಡಿನಂತೆ ಚೂಪಾಗಿತ್ತು. ಅದು ತನಗೆ ತೊಡಿಸಿದ, ಟ್ಯಾಂಕಿನೊಳಗೆ ಇಂಧನ ಎಳೆಯುವ ಸಿಲಿಕೋನ್ ಪೈಪನ್ನು ಒಳಗಿಂದ ಕೊರೆದು ಸೂಜಿಮೊನೆಯಷ್ಟು ತೂತು ಮಾಡಿತ್ತು. ಇಂಧನ ಜಾಸ್ತಿ ಇರುವಾಗ ತೂತು ಮುಳುಗಿರುತ್ತದೆ, ಏನೂ ಗೊತ್ತಾಗುವುದಿಲ್ಲ. ಮಟ್ಟ ಇಳಿದ ಮೇಲೆ ಅಲ್ಲಿಂದ ಗಾಳಿ ಎಳೆಯುತ್ತದೆ. ಎರಡು ಸಲ ಅರ ಆಡಿಸಿದ್ದರೆ ಸಾಕಿತ್ತು. ಅಷ್ಟನ್ನು ಕಾರ್ಖಾನೆಯಲ್ಲೇ ಮಾಡಬಹುದಿತ್ತು ಅಲ್ವಾ?

ಬಾಯಿಯನ್ನು ನಾನೇ ನುಣುಪು ಮಾಡಿ ಹೊಸ ಪೈಪ್ ಹಾಕಿದೆ. ತುದಿಯ ಕ್ಲಂಕ್ (ಪೈಪಿನ ಬಾಯನ್ನು ಇಂಧನದಲ್ಲೇ ಮುಳುಗಿಸಿಡುವ ತೂಕದ ಗುಂಡು) ಹಿಂದಿನ ಗೋಡೆಗೆ ತಾಗದೆ ಸಲೀಸಾಗಿ ಹೊರಳಬೇಕು, ಆ ಅಳತೆಗೆ ಕತ್ತರಿಸಿ. ಆಮೇಲೆ ಬಕೆಟ್ ನೀರಲ್ಲಿ ಮುಳುಗಿಸಿ, ಒಂದು ಕೊಳವೆ ಮುಚ್ಚಿ, ಇನ್ನೊಂದಕ್ಕೆ ಸಿರಿಂಜಿನಿಂದ ಗಾಳಿ ಕೊಡಿ. ಗುಳ್ಳೆ ಬರಬಾರದು. ಟ್ಯಾಂಕಿನ ನಡುಮಟ್ಟ ನೀಡಲ್‌ಗೆ ಸಮ ಅಥವಾ ಚೂರು ಕೆಳಗಿರಲಿ. ಸುತ್ತ ಸ್ಪಂಜ್ ಇಡಿ, ಇಲ್ಲದಿದ್ದರೆ ಎಂಜಿನ್ ಅದುರುವುದಕ್ಕೆ ಇಂಧನ ನೊರೆಯಾಗುತ್ತದೆ.

ಇದಾದ ಮೇಲೆ ಟ್ಯಾಂಕ್ ಕೊನೇ ಹನಿವರೆಗೂ ಒಂದೇ ಸದ್ದು. ಆ ಸದ್ದು ಕೇಳಿದ ಮೇಲೆ ನನ್ನ ಸಿಟ್ಟೂ ಇಳಿಯಿತು.

ಹಾರಾಟ ಮುಗಿದ ಮೇಲಿನ ಕೆಲಸವೂ ನನಗಿಷ್ಟ. ಉಳಿದ ಇಂಧನವನ್ನು ಕೈಪಂಪಿನಿಂದ ತೆಗೆಯುತ್ತೇನೆ. ಬಾಯಲ್ಲಿ ಮಾತ್ರ ಎಳೆಯಬೇಡಿ, ಮೆಥನಾಲ್ ವಿಷ. ಎಂಜಿನ್ ಮತ್ತೆ ಚಾಲೂ ಮಾಡಿ ಪೈಪಿನಲ್ಲಿ ಉಳಿದಿದ್ದು ಸುಟ್ಟುಹೋಗುವ ತನಕ ಓಡಿಸುತ್ತೇನೆ. ಮೆಥನಾಲ್ ತೇವ ಎಳೆದುಕೊಳ್ಳುತ್ತದೆ, ಬಿಟ್ಟರೆ ಬೇರಿಂಗ್ ತುಕ್ಕು ಹಿಡಿಯುತ್ತದೆ. ಆಮೇಲೆ ಹಳೇ ಬನಿಯನ್ ಬಟ್ಟೆ ತಗೊಂಡು ರೆಕ್ಕೆ ಮೇಲಿನ ಹರಳೆಣ್ಣೆ (ಇಂಧನದಲ್ಲಿ ಬೆರೆಸಿದ್ದು) ಜಿಡ್ಡು, ಅದಕ್ಕೆ ಅಂಟಿದ ಧೂಳು ಒರೆಸುತ್ತಾ ಕೂರುತ್ತೇನೆ. ಆ ವಾಸನೆ ಕೈಗೆ ರಾತ್ರಿವರೆಗೂ ಇರುತ್ತದೆ.

ಎರಡನೇ ವಿಮಾನಕ್ಕೂ ಇದೇ ಡಬ್ಬಿ ತಗೊಂಡೆ. ಕಡಿಮೆ ಬೆಲೆಗೆ ಇಷ್ಟು ಗಟ್ಟಿ ಡಬ್ಬಿ ನನಗೆ ಬೇರೆ ಸಿಕ್ಕಿಲ್ಲ. ಪೈಪ್ ಮಾತ್ರ ಬೇರೆ ಕಡೆ ಮೀಟರ್ ಲೆಕ್ಕದಲ್ಲಿ ತರಿಸಿಕೊಳ್ಳುತ್ತೇನೆ. ಪೆಟ್ರೋಲ್ ಎಂಜಿನ್ ಇರುವವರು ಸಿಲಿಕೋನ್ ಪೈಪ್ ಹಾಕಲೇಬೇಡಿ, ಉಬ್ಬಿ ಹಾಳಾಗುತ್ತದೆ. ಪೆಟ್ರೋಲ್ ತಡೆಯುವ ಟೈಗಾನ್ ಪೈಪ್ ತಗೊಳ್ಳಿ.