ನೋಡದ ಧಾರ್ಮಿಕ ಚಾನೆಲ್‌ಗಳು: ಪ್ಯಾಕ್, ಬಿಡಿ ಚಾನೆಲ್, ಆ್ಯಪ್ – ಯಾರಿಗೆ ಯಾವುದು?

ಟಿವಿಯಲ್ಲಿ ನೋಡದ ಧಾರ್ಮಿಕ ಚಾನೆಲ್‌ಗಳು ಬೇಡ, ಹಾಗಾದರೆ ಹಲವು ಚಾನೆಲ್ ಒಟ್ಟಿಗೆ ಬರುವ ಕೇಬಲ್ ಪ್ಯಾಕ್ ಇಟ್ಟುಕೊಳ್ಳುವುದಾ, ಬೇಕಾದ್ದನ್ನಷ್ಟೇ ಬಿಡಿ ಚಾನೆಲ್ ಆಗಿ ಆರಿಸುವುದಾ, ಇಲ್ಲ ಆ್ಯಪ್‌ಗೆ ಹೋಗುವುದಾ ಅಂತ ಕೇಳಿದ್ದೀರಿ. ಮೊದಲು ದುಡ್ಡಿನ ವಿಷಯ. ಧಾರ್ಮಿಕ ಚಾನೆಲ್‌ಗಳಲ್ಲಿ ಎಷ್ಟೋ ಉಚಿತ. ಕೆಲವಂತೂ ತಮ್ಮನ್ನು ತೋರಿಸಲಿ ಅಂತ ಕೇಬಲ್‌ನವರಿಗೇ ಹಣ ಕೊಡುತ್ತವೆ, ಯಾಕಂದ್ರೆ ಅವುಗಳ ಆದಾಯ ಬರುವುದು ಕಾಣಿಕೆಯಿಂದ ಮತ್ತು ಪ್ರಸಾರದ ಹೊತ್ತನ್ನು ಮಾರುವುದರಿಂದ. ಬಿಲ್ ಜಾಸ್ತಿ ಏರಿಸುವುದು ಸಾಮಾನ್ಯವಾಗಿ ಕ್ರೀಡಾ ಚಾನೆಲ್‌ಗಳು. ಪ್ರವಚನದ ಚಾನೆಲ್ ತೆಗೆಸಿದರೆ ಬಿಲ್ ಅರ್ಧ ಆಗುತ್ತದೆ ಅನ್ನೋ ಆಸೆ ಬೇಡ.

ಬಿಡಿಯಾಗಿ ಕೊಂಡರೆ ಒಂದೊಂದು ಚಾನೆಲ್‌ನ ದರ ಪ್ಯಾಕ್‌ನಲ್ಲಿ ಅದರ ಪಾಲಿಗೆ ಬೀಳುವುದಕ್ಕಿಂತ ಹೆಚ್ಚು. ಮೇಲೆ ಸಂಪರ್ಕಕ್ಕೆಂದು ತಿಂಗಳು ತಿಂಗಳು ಕೊಡುವ ಮೂಲ ಶುಲ್ಕ ಬೇರೆ. ಆದರೂ ನಾಲ್ಕೈದೇ ಚಾನೆಲ್ ನೋಡುವವರಿಗೆ ಬಿಡಿಯೇ ಲಾಭ, ಆದರೆ ಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಬೇಕು ಅಂದರೆ ಸುಮ್ನೆ ಪ್ಯಾಕೇ ಅಗ್ಗ. ಇನ್ನೊಂದು ಕಿರಿಕಿರಿ: ಬೇಡವಾದ ಚಾನೆಲ್ ಮೂಲ ಶುಲ್ಕಕ್ಕೆ ಸಿಗುವ ಮೂಲ ಪ್ಯಾಕ್‌ನಲ್ಲೇ ಕೂತಿದ್ದರೆ ಬಿಡಿ ಆಯ್ಕೆಯಲ್ಲೂ ಬರಬಹುದು.

ಆ್ಯಪ್‌ನಲ್ಲಿ ಈ ಕಾಟವಿಲ್ಲ. ಧಾರಾವಾಹಿ, ಸಿನಿಮಾ ಸಾಕು ಅನ್ನುವವರಿಗೆ ಸರಿ. ಆದರೆ ಇಂಟರ್ನೆಟ್ ಖರ್ಚು ಸೇರಿಸಿ ಲೆಕ್ಕ ಹಾಕಿ. ನೇರ ಪ್ರಸಾರದ ಆಟ ಬೇಕು ಅಂತ ಎರಡು ಮೂರು ಆ್ಯಪ್ ಸೇರಿದರೆ ಉಳಿತಾಯ ಅಲ್ಲೇ ಕರಗುತ್ತದೆ, ಅಲ್ವಾ?

ಬಳಕೆಯಲ್ಲಿ ಪ್ಯಾಕೇ ಸುಲಭ. ನ್ಯೂಸ್‌ನಿಂದ ಸಿನಿಮಾಗೆ ಹೋಗುವಾಗ ನಡುವೆ ನಾಲ್ಕು ಪ್ರವಚನ ದಾಟುವುದಷ್ಟೇ ನಿಮ್ಮ ತೊಂದರೆಯಾದರೆ, ಸೆಟ್‌ಟಾಪ್ ಬಾಕ್ಸ್‌ನಲ್ಲಿ ಬೇಕಾದ ಚಾನೆಲ್‌ಗಳನ್ನು ಫೇವರಿಟ್ ಪಟ್ಟಿಗೆ ಹಾಕಿ. ಬಿಲ್ ಹಾಗೇ ಇರುತ್ತದೆ, ಕಿರಿಕಿರಿ ಹೋಗುತ್ತದೆ. ನನ್ನ ದುಡ್ಡು ಒಂದು ಪೈಸೆಯೂ ಧಾರ್ಮಿಕ ಚಾನೆಲ್‌ನವರಿಗೆ ಹೋಗಬಾರದು ಅನ್ನುವುದಾದರೆ, ಆ ಚಾನೆಲ್ ಉಚಿತದ್ದಾ ಹಣದ್ದಾ ಅಂತ ದರಪಟ್ಟಿ ನೋಡಿ ಆಮೇಲೆ ಪ್ಯಾಕ್ ಬಿಟ್ಟುಬಿಡಿ.